ಗೋಡೆಯೊಳಗಿನ ವೈರು

ನಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೂ ಶಾಕ್ ಹೊಡೆಯುತ್ತಿತ್ತು. ಮನೆ ಅಂದರೆ ಒಬ್ಬರದಲ್ಲ. ಹಳೆಯ ಕಾಲದ ಒಂದು ದೊಡ್ಡ ಮನೆಗೆ ನಡುನಡುವೆ ಹಲಗೆ ಹೊಡೆದು ಹನ್ನೊಂದು ರೂಮು ಮಾಡಿದ್ದರು. ರೂಮಿಗೊಂದು ಸಂಸಾರ. ನಾನು ಮಹಡಿಯ ಮೂರನೇ ರೂಮಿನ ದರ್ಜಿ. ಕೆಳಗೆ, ಬಚ್ಚಲಿನ ಗೋಡೆಗೆ ಅಂಟಿಕೊಂಡ ರೂಮಿನಲ್ಲಿ ಇಸ್ತ್ರಿ ಅಕ್ಕ ಇದ್ದಳು. ಆ ಗೋಡೆ ಬಿರುಬೇಸಿಗೆಯಲ್ಲೂ ಒದ್ದೆ. ಅಕ್ಕ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಮರದ ಹಲಗೆಯ ಮೇಲೆ ನಿಂತು, ಎಡಗೈಯನ್ನು ಗೋಡೆಗೆ ತಾಗದಂತೆ ಸೊಂಟದ ಮೇಲಿಟ್ಟುಕೊಂಡು ಇಸ್ತ್ರಿ ಮಾಡುತ್ತಿದ್ದಳು.

"ಏನಕ್ಕಾ, ಮಹಾರಾಣಿ ಹಂಗೆ ನಿಂತಿದೀಯಾ" ಅಂದರೆ, "ಯಮರಾಯ ಪಕ್ಕದಲ್ಲೇ ನಿಂತಿರ್ತಾನಪ್ಪ, ಮರ್ಯಾದೆಯಿಂದ ಇರಬೇಡ್ವಾ" ಅನ್ನುತ್ತಿದ್ದಳು.

ಆ ವರ್ಷ ಹೊಸ ನಿಯಮ ಬಂತು. ಬಾಡಿಗೆಗೆ ಕೊಟ್ಟ ಹಳೆಯ ಮನೆಗಳಿಗೆಲ್ಲ ಹೊಸ ವೈರಿಂಗ್ ಆಗಬೇಕು, ಇಲ್ಲದಿದ್ದರೆ ಕರೆಂಟ್ ಕಟ್. ಮಾಲೀಕರು ಕೆಲಸವನ್ನು ಒಬ್ಬ ಕಂಟ್ರಾಕ್ಟರಿಗೆ ಒಪ್ಪಿಸಿದರು. ಕಂಟ್ರಾಕ್ಟರು ತನ್ನ ವೈರ್‌ಮನ್‌ನನ್ನು ಕಳಿಸಿದ. ಆ ವೈರ್‌ಮನ್ ಬೇರೆ ಯಾರೂ ಅಲ್ಲ, ಇಸ್ತ್ರಿ ಅಕ್ಕನ ಸ್ವಂತ ತಮ್ಮ. ಹೆಂಡತಿ ಮಕ್ಕಳೊಂದಿಗೆ ಅಕ್ಕನ ಎದುರು ರೂಮಿನಲ್ಲೇ ಅವನ ವಾಸ. ಇಪ್ಪತ್ತು ವರ್ಷದಿಂದ ಕೈ ಅವನದು, ಲೈಸೆನ್ಸ್ ಕಂಟ್ರಾಕ್ಟರದು.

ಮೊದಲು ನನ್ನ ರೂಮಿನ ಬೋರ್ಡು ಬಿಚ್ಚಿದ. ಒಳಗಿನ ವೈರನ್ನು ಎರಡು ಬೆರಳಲ್ಲಿ ಹಿಡಿದ. ಮೇಲಿನ ಹೊದಿಕೆ ಸುಟ್ಟ ಕಾಗದದ ಹಾಗೆ ಉದುರಿತು.

"ಇಷ್ಟು ವರ್ಷ ನೀನು ಬದುಕಿದ್ದೇ ಹೆಚ್ಚು ಕಣಣ್ಣ" ಅಂದ.

ಮಧ್ಯಾಹ್ನ ಕಂಟ್ರಾಕ್ಟರು ಬಂದ. ನಾನು ಕಾಜಾ ಹೊಲಿಯುತ್ತಾ ಅಲ್ಲೇ ಕೂತಿದ್ದೆ. ದರ್ಜಿ ಕೂತಿದ್ದರೆ ಅವನೂ ಒಂದು ಕುರ್ಚಿ ಇದ್ದ ಹಾಗೆ, ಯಾರೂ ಮಾತು ತಗ್ಗಿಸುವುದಿಲ್ಲ.

"ಗೋಡೆ ಒಡೆಯೋದು ಬೇಡ. ಬೋರ್ಡು ಹೊಸದು ಹಾಕು. ಒಳಗಿಂದು ಒಳಗೇ ಇರಲಿ."

"ಅರ್ಥಿಂಗ್ ವೈರೇ ಇಲ್ಲ. ಪ್ಲಗ್ಗಿನ ಮೂರನೇ ತೂತು ಬರೀ ತೂತು."

"ತೂತಿನೊಳಗೆ ಯಾರು ಇಣುಕ್ತಾರೆ?"

"ಟ್ರಿಪ್ ಪೆಟ್ಟಿಗೆ ಹಾಕಿದ್ರೆ ನಿಮಿಷಕ್ಕೊಂದ್ಸಲ ಬೀಳತ್ತೆ. ಹಳೇ ವೈರು ಎಲ್ಲಾ ಕಡೆ ಸೋರ್ತಿದೆ."

"ಬೀಳದ ಹಾಗೆ ಹಾಕು. ಗೋಡೆ ಮೇಲೆ ಪೆಟ್ಟಿಗೆ ಕಂಡ್ರೆ ಸಾಕು."

ಯಾರಿಗಾದರೂ ಶಾಕ್ ಹೊಡೆದರೆ ತಕ್ಷಣ ಕರೆಂಟ್ ನಿಲ್ಲಿಸುವುದು ಆ ಪೆಟ್ಟಿಗೆಯ ಕೆಲಸ. ಅದು ಬೀಳದ ಹಾಗೆ ಹಾಕುವುದೆಂದರೆ ನಾಯಿಯ ಬಾಯಿ ಕಟ್ಟಿ ಕಾವಲಿಗೆ ಕೂರಿಸಿದ ಹಾಗೆ.

"ಯಾರಾದ್ರೂ ಸತ್ರೆ?" ವೈರ್‌ಮನ್ ಕೇಳಿದ.

ಕಂಟ್ರಾಕ್ಟರು ಬಯ್ಯಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟ. "ನೋಡು, ಕರೆಂಟ್ ಆಫೀಸಿನವರ ಪರೀಕ್ಷೇಲಿ ಇದು ಫೇಲ್ ಆದ್ರೆ ಮಾಲೀಕರಿಗೇನೂ ನಷ್ಟ ಇಲ್ಲ. ವಾಸಕ್ಕೆ ಯೋಗ್ಯ ಅಲ್ಲ ಅಂತ ಬರೀತಾರೆ, ಎಲ್ರೂ ಖಾಲಿ ಮಾಡ್ಬೇಕು. ಮಾಲೀಕರು ಅದಕ್ಕೇ ಕಾಯ್ತಿರೋದು. ಆಮೇಲೆ ಹೆಂಡ್ತಿ ಮಕ್ಕಳನ್ನ ಎಲ್ಲಿ ಕೂರಿಸ್ತೀಯ?"

ವೈರ್‌ಮನ್ ನಾಲ್ಕು ದಿನ ತಲೆ ಎತ್ತದೆ ಕೆಲಸ ಮಾಡಿದ. ಬಿಳಿ ಬೋರ್ಡುಗಳು ಫಳಫಳ ಹೊಳೆದವು. ನಮ್ಮ ಮನೆಯವಳು ಹಳೇ ಬಟ್ಟೆಯಿಂದ ಅವನ್ನು ಒರೆಸಿದ್ದೇ ಒರೆಸಿದ್ದು. ನಾನು ಕೇಳಿಸಿಕೊಂಡದ್ದನ್ನು ಅವಳಿಗೂ ಹೇಳಲಿಲ್ಲ. ಹೇಳಿದರೆ ರೂಮು ಹೋಗುತ್ತದೆ, ಸುಮ್ಮನಿದ್ದರೆ ಯಾವತ್ತೋ ಜೀವ ಹೋಗುತ್ತದೆ. 'ಯಾವತ್ತೋ' ಅನ್ನುವುದು ದೂರದ ಮಾತು ಅಂದುಕೊಂಡೆ.

ಕರೆಂಟ್ ಆಫೀಸಿನ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಬರುವ ದಿನ ಬೆಳಿಗ್ಗೆ ಅಕ್ಕ ತಮ್ಮನನ್ನು ಕೇಳಿದಳು. "ನನ್ನ ರೂಮಿಂದೂ ಆಯ್ತೇನೋ?"

"ಆಯ್ತಕ್ಕ."

"ಹಂಗಾದ್ರೆ ಇನ್ನು ನೆಲದ ಮೇಲೇ ನಿಂತ್ಕೋಬಹುದು."

ಅವನು ಸ್ಕ್ರೂಡ್ರೈವರ್ ಒರೆಸುತ್ತಾ ನಿಂತ. "ಬೇಡಕ್ಕ" ಅಂದ.

ಅಕ್ಕ ಮರದ ಹಲಗೆಯನ್ನು ಕಾಲಿನಿಂದ ಮತ್ತೆ ಅದರ ಜಾಗಕ್ಕೆ ಎಳೆದುಕೊಂಡಳು.

ಕಂಟ್ರಾಕ್ಟರು ಹೊಸ ವೈರಿನ ಸುರುಳಿಗಳನ್ನು ತಂದು ಹಜಾರದಲ್ಲಿ ರಾಶಿ ಹಾಕಿಸಿದ, ನೋಡಿದವರಿಗೆ ಕೆಲಸ ಜೋರಾಗಿ ನಡೆದಿದೆ ಅನ್ನಿಸಲಿ ಅಂತ. ಇನ್‌ಸ್ಪೆಕ್ಟರ್ ಬಂದರು. ಕಂಟ್ರಾಕ್ಟರು ಹಜಾರದ ಒಂದೇ ಒಂದು ಪ್ಲಗ್ಗಿಗೆ ನಿಜವಾದ ಅರ್ಥಿಂಗ್ ಎಳೆಸಿದ್ದ, ಅದನ್ನೇ ತೋರಿಸಿದ. ಮೀಟರ್ ಸರಿಯಾಗಿ ತೋರಿಸಿತು. ಮನೆಗೆಲ್ಲ ಹೊಸ ವೈರು ಹಾಕಿದೀನಿ ಅಂತ ಕಂಟ್ರಾಕ್ಟರು ಬರೆದು ರುಜು ಹಾಕಿದ ಕಾಗದ ಹೊರಬಂತು. ಕೆಲಸ ಮಾಡಿದವನ ರುಜುವೂ ಬೇಕು ಅಂದರು ಇನ್‌ಸ್ಪೆಕ್ಟರ್. ವೈರ್‌ಮನ್ ಪೆನ್ನು ಹಿಡಿದ.

"ಸಾರ್, ನನ್ನ ರೂಮೂ ನೋಡಿ." ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಾ ಒಂದೇ ಸಾರ್" ಅಂದ ಕಂಟ್ರಾಕ್ಟರು.

"ಒಂದೇ ಆದ್ರೆ ನೋಡೋಕೇನಂತೆ?"

ಇನ್‌ಸ್ಪೆಕ್ಟರ್ ವೈರ್‌ಮನ್ ಕಡೆ ತಿರುಗಿದರು. "ಏನಪ್ಪಾ, ಒಂದೇನಾ?"

ಅವನು ಪೆನ್ನಿನ ಮುಚ್ಚಳ ಹಾಕಿದ. "ಅಲ್ಲ ಸಾರ್."

ಸಂಜೆಯೊಳಗೆ ಕಂಬದಿಂದ ನಮ್ಮ ಲೈನು ಬಿಚ್ಚಿದರು. ಬಾಗಿಲಿಗೆ ನೋಟಿಸು ಬಿತ್ತು: ವಾಸಕ್ಕೆ ಯೋಗ್ಯವಲ್ಲ, ಹದಿನೈದು ದಿನದೊಳಗೆ ಖಾಲಿ ಮಾಡತಕ್ಕದ್ದು. ವೈರ್‌ಮನ್‌ನ ಕೆಲಸವೂ ಹೋಯಿತು. ಉಳಿದ ಸಂಸಾರಗಳೆಲ್ಲ ಅವನ ಮೇಲೆ ಹರಿಹಾಯ್ದವು. ನಾನೂ ಬಿಡಲಿಲ್ಲ.

"ನಿನ್ನ ಸತ್ಯ ಉಪ್ಪು ಹಾಕ್ಕೊಂಡು ನೆಕ್ಕು. ನನ್ನ ಮಷಿನ್ನಿನ ಮೋಟರು ಓಡಿಸೋರು ಯಾರು?"

ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವನು ನಾನು. ಈ ಮಾತು ಹೇಗೆ ಹೊರಟಿತೋ.

ಮರುದಿನ ಬೆಳಿಗ್ಗೆ ಕೆಳಗೆ ಉಳಿ ಸುತ್ತಿಗೆಯ ಸದ್ದು. ಇಳಿದು ನೋಡಿದರೆ ವೈರ್‌ಮನ್ ಅಕ್ಕನ ರೂಮಿನ ಗೋಡೆ ಒಡೆಯುತ್ತಿದ್ದಾನೆ.

"ತಲೆ ಕೆಟ್ಟಿದೆಯೇನೋ?"

"ಕರೆಂಟೇ ಇಲ್ವಲ್ಲಣ್ಣ. ಕೆಲಸ ಮಾಡೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ."

ಅಷ್ಟರಲ್ಲಿ ವೈರಿನ ಸುರುಳಿಗಳನ್ನು ವಾಪಸು ಒಯ್ಯಲು ಕಂಟ್ರಾಕ್ಟರು ಗಾಡಿ ತಂದ. ಅಕ್ಕ ಹೋಗಿ ಒಂದು ಸುರುಳಿಯ ಮೇಲೆ ಕೂತಳು. ನಮ್ಮ ಪಕ್ಕದ ರೂಮಿನ ವಾಚ್‌ಮನ್ ಹೆಂಡತಿ ಇನ್ನೊಂದರ ಮೇಲೆ. ನಮ್ಮ ಮನೆಯವಳೂ ಕೂತಳು.

"ಏಳ್ರಮ್ಮ. ಅದು ನನ್ನ ಮಾಲು."

"ಈ ಮನೆಗೇ ಹಾಕಿದೀನಿ ಅಂತ ಕಾಗದದಲ್ಲಿ ಬರೆದು ಕೊಟ್ಟಿದೀರಲ್ಲ" ಅಂದಳು ಅಕ್ಕ. "ಹಾಕ್ತಿದೀವಿ."

ಅವನು ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಆ ಕಾಗದವನ್ನು ನೆನೆಸಿಕೊಂಡಿರಬೇಕು. ಗಾಡಿ ಖಾಲಿಯೇ ಹೋಯಿತು.

ಹನ್ನೆರಡು ದಿನ. ನಾನು ವೈರು ಎಳೆದೆ. ಗಂಡಸರು ಅಂಗಳದಲ್ಲಿ ಅರ್ಥಿಂಗಿಗೆ ಆಳುದ್ದ ಗುಂಡಿ ತೋಡಿದರು. ಹೆಂಗಸರು ಸಿಮೆಂಟು ಕಲಸಿ ಗೋಡೆ ಮುಚ್ಚಿದರು. ವೈರ್‌ಮನ್ ಒಂದೊಂದು ಜೋಡಣೆಯನ್ನೂ ಎರಡೆರಡು ಸಲ ನೋಡಿದ. ಕಿತ್ತು ತೆಗೆದ ಹಳೇ ವೈರು ಎರಡು ಗೋಣಿಚೀಲ ತುಂಬಿತು.

ಹದಿಮೂರನೇ ದಿನ ಎಲ್ಲರೂ ಕರೆಂಟ್ ಆಫೀಸಿಗೆ ಹೋದೆವು. ಗುಮಾಸ್ತ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿದ.

"ಲೈಸೆನ್ಸ್ ಇರೋರ ರುಜು ಎಲ್ಲಿ?"

"ಲೈಸೆನ್ಸ್ ಇರೋರು ಮಾಡಿಸಿದ ಕೆಲಸ ನಿಮ್ಮ ಇನ್‌ಸ್ಪೆಕ್ಟರೇ ನೋಡಿದ್ರಲ್ಲ ಸಾರ್" ಅಂದ ವೈರ್‌ಮನ್. "ಈಗ ನಾನು ಮಾಡಿದ್ದು ಬಂದು ನೋಡಿ. ಹನ್ನೊಂದು ರೂಮಲ್ಲಿ ನಿಮಗೆ ಬೇಕಾದ ಕಡೆ ಮೀಟರ್ ಇಡಿ."

"ರುಜು ಇಲ್ದೆ ನೋಡೋಕೆ ಬರೋ ಹಂಗಿಲ್ಲ. ನಿಯಮ."

"ನೋಡದೆ ಹೊರಗೆ ಹಾಕೋ ನಿಯಮ ಇದೆಯಾ?" ಅಕ್ಕ ಕೇಳಿದಳು.

ಗುಮಾಸ್ತ ಊಟಕ್ಕೆ ಎದ್ದುಹೋದ. ನಾವು ನೆಲದ ಮೇಲೆ ಕೂತೆವು. ನೋಟಿಸಿನಲ್ಲಿ ಇನ್ನು ಎರಡೇ ದಿನ ಉಳಿದಿತ್ತು. ಅವನು ತಿರುಗಿ ಬಂದಾಗಲೂ ಕೂತೇ ಇದ್ದೆವು. ಐದು ಗಂಟೆಗೆ ಕಿಟಕಿಗಳನ್ನು ಮುಚ್ಚುತ್ತಾ ಅವನು ಕೇಳಿದ.

"ಎಷ್ಟು ಹೊತ್ತು ಹಿಂಗೇ ಕೂತಿರ್ತೀರಿ?"

"ಮನೇಲಿ ಕತ್ತಲೆ ಸಾರ್" ಅಂದ ವೈರ್‌ಮನ್. "ಇಲ್ಲಿ ಲೈಟಾದ್ರೂ ಇದೆ."

ನಮ್ಮಲ್ಲಿ ಯಾರೂ ಏಳಲಿಲ್ಲ.