ಮೂರು ಜನ ಹೋದರೆ ಎಷ್ಟು?

ಬಸ್ ಡಿಪೋದ ಗುಮಾಸ್ತನಿಗೆ ಲೆಕ್ಕದ ಹುಚ್ಚು ಹಿಡಿಯದೆ ಇನ್ನೇನು ಹಿಡಿಯಬೇಕು? ಹಳೇ ಪೆಟ್ರೋಲ್ ಸ್ಕೂಟರ್ ನಡುದಾರಿಯಲ್ಲಿ ಕೈಕೊಟ್ಟ ದಿನದಿಂದ ಅವನ ಬಾಯಲ್ಲಿ ಕರೆಂಟಿನ ಗಾಡಿ ಬಿಟ್ಟು ಬೇರೆ ಮಾತಿಲ್ಲ. ಊಟಕ್ಕೆ ಕೂತರೂ ಅದೇ, ಹಲ್ಲುಜ್ಜುವಾಗಲೂ ಅದೇ. ಹೆಂಡತಿ ಟೈಲರಮ್ಮ ಮಷಿನ್ ತುಳಿಯುತ್ತಲೇ ಹೂಂಗುಟ್ಟುತ್ತಿದ್ದಳು. ಒಂಬತ್ತನೇ ಕ್ಲಾಸಿನ ಮಗಳು ಪುಟ್ಟಿ ಮಾತ್ರ ಅಪ್ಪನ ಲೆಕ್ಕದಲ್ಲಿ ತಪ್ಪು ಹುಡುಕಲು ಕಾದು ಕೂತಿರುತ್ತಿದ್ದಳು.

ಪುಟ್ಟಿ ಟೈಲರಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಹೆತ್ತ ತಾಯಿ ತೀರಿಕೊಂಡು ಬಹಳ ಕಾಲದ ಮೇಲೆ ಈಕೆ ಆ ಮನೆಗೆ ಬಂದದ್ದು. ಬಂದು ಎರಡು ವರ್ಷವಾದರೂ ಹುಡುಗಿ ಅವಳನ್ನು ಅಮ್ಮ ಅನ್ನಲಿಲ್ಲ, ಚಿಕ್ಕಮ್ಮ ಅಂತಲೂ ಅನ್ನಲಿಲ್ಲ. ನೀವು ಊಟ ಮಾಡಿದ್ರಾ, ನಿಮ್ಮ ಕತ್ತರಿ ಇಲ್ಲಿದೆ ನೋಡಿ, ಹೀಗೆ ಎಲ್ಲವೂ ಮರ್ಯಾದೆಯ ಮಾತೇ. ನೋಡಿದವರು ಎಂಥಾ ಒಳ್ಳೇ ಹುಡುಗಿ ಅನ್ನುತ್ತಿದ್ದರು. ಟೈಲರಮ್ಮನಿಗೋ, ಆ ‘ನೀವು’ ಕಿವಿಗೆ ಬಿದ್ದಾಗಲೆಲ್ಲ ತನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ ಹಾಗಾಗುತ್ತಿತ್ತು. ಹೆತ್ತ ತಾಯಿಯನ್ನು ಯಾರು ಬಹುವಚನದಲ್ಲಿ ಕರೆಯುತ್ತಾರೆ? ಒಂದು ಸಲ ಸಿಡುಕಿ ಜಗಳವಾಡಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು.

ರಜೆಯ ದಿನ ಅಪ್ಪ ಮಗಳು ಸ್ಕೂಟರಿನಲ್ಲಿ ಕೆರೆಯ ಕಡೆ ಹೊರಟರೆ ಟೈಲರಮ್ಮನಿಗೆ ಸರಿಯಾಗಿ ಆಗಲೇ ತಲೆನೋವು ಬರುತ್ತಿತ್ತು. ಅವರಿಬ್ಬರ ನಡುವೆ ತಾನು ತೂರಿಕೊಳ್ಳಬಾರದು ಎಂಬುದು ಅವಳ ಹಟ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಬಟ್ಟೆ ಹರಡಿಕೊಂಡು ಕೂರುತ್ತಿದ್ದಳು. ಮನೆ ಬಿಕೋ ಅನ್ನುತ್ತಿತ್ತು.

ಗಾಡಿಯಂಗಡಿಗೆ ಮೂವರೂ ನಡೆದೇ ಹೋದರು. ಅಂಗಡಿಯವನು ಬಾಯಿ ತೆಗೆಯುವಷ್ಟರಲ್ಲಿ ಗುಮಾಸ್ತನೇ ಶುರು ಹಚ್ಚಿಕೊಂಡ. ಕರೆಂಟಿನ ಸೈಕಲ್ಲಿನ ಖರ್ಚು ಲೆಕ್ಕಕ್ಕೇ ಇಲ್ಲ, ಆದರೆ ಅದು ಒಬ್ಬರಿಗಷ್ಟೇ. ಸ್ಕೂಟರಿಗೆ ಒಂದು ಪಾಲು ಖರ್ಚಾದರೆ ಅಷ್ಟೇ ದೂರಕ್ಕೆ ಕಾರಿಗೆ ನಾಲ್ಕು ಪಾಲು. ಬಾಗಿಲ ಹತ್ತಿರ ನಿಂತಿದ್ದ ಪುಟಾಣಿ ಕಾರನ್ನು ಅವನು ಆಸೆಯಿಂದ ಒಮ್ಮೆ ಸವರಿದ್ದು ನಿಜ. ಆದರೆ ಲೆಕ್ಕ ಲೆಕ್ಕವೇ, ಸ್ಕೂಟರೇ ಸರಿ ಎಂದು ತೀರ್ಮಾನ ಕೊಟ್ಟ.

ಪುಟ್ಟಿ ಬಿಡಲಿಲ್ಲ. “ತಪ್ಪು ಲೆಕ್ಕ. ಮೂರು ಜನ ಹೋಗ್ಬೇಕಲ್ಲ? ಒಬ್ಬರನ್ನ ಬಿಟ್ಟು, ವಾಪಸ್ ಬಂದು, ಇನ್ನೊಬ್ಬರನ್ನ ಕರ್ಕೊಂಡು ಹೋಗ್ಬೇಕು. ಅದೇ ದಾರಿ ಮೂರು ಸಲ ಆಯ್ತು. ಅಂದ್ರೆ ಮೂರು ಪಾಲು.”

ಗುಮಾಸ್ತ ಬೆರಳು ಮಡಚಿ ನೋಡಿದ. ಆದರೂ ಕಾರಿನದೇ ಒಂದು ಪಾಲು ಜಾಸ್ತಿ ಅಲ್ಲವೇ ಎಂದ.

“ಒಂದೇ ಪಾಲು. ಅದು ಯಾರೂ ದಾರಿ ಕಾಯದೆ ಇರೋದಕ್ಕೆ.”

ಟೈಲರಮ್ಮನೂ ಲೆಕ್ಕ ಹಾಕಿಕೊಂಡಳು. ಮೂರನೆಯವಳು ತಾನೇ. ತನ್ನಿಂದಾಗಿ ಅವರ ಜೇಬಿಗೆ ಕತ್ತರಿ ಬೀಳುವುದು ಅವಳಿಗೆ ಬೇಡವಾಗಿತ್ತು. ತಾನು ಎಲ್ಲಿಗೂ ಹೋಗುವವಳಲ್ಲ, ಹೊಲಿಗೆ ರಾಶಿ ಬಿದ್ದಿದೆ, ಸ್ಕೂಟರೇ ತಗೊಳ್ಳಿ ಎಂದು ಅವಸರ ಅವಸರವಾಗಿ ಹೇಳಿದಳು.

ಪುಟ್ಟಿ ಸರ್ರನೆ ಅವಳ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು.

“ನೀನು ಸುಮ್ನಿರು. ಸ್ಕೂಟರಲ್ಲಿ ಇಬ್ಬರೇ ಕೂರೋಕಾಗೋದು ಅಂತ ತಾನೆ ನಿನಗೆ ಪ್ರತೀ ಸಲ ತಲೆನೋವು ಬರೋದು? ನನಗೇನು ಗೊತ್ತಾಗಲ್ಲ ಅಂದ್ಕೊಂಡಿದ್ದೀಯಾ?”

ತಾನು ಏನಂದೆ ಎಂಬುದು ಹುಡುಗಿಗೆ ತಿಳಿದಂತೆ ಕಾಣಲಿಲ್ಲ. ಅವಳು ಆಗಲೇ ಅಪ್ಪನ ಕಡೆ ತಿರುಗಿ, ಚಾರ್ಜಿಗೆ ಹಾಕುವುದು ಎಲ್ಲಿ ಎಂದು ವಾದ ಹೂಡಿದ್ದಳು. ಟೈಲರಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಜೀವಮಾನದಲ್ಲಿ ಬೈಸಿಕೊಂಡು ಅಷ್ಟು ಸುಖಪಟ್ಟದ್ದು ಅವಳಿಗೆ ನೆನಪಿರಲಿಲ್ಲ.

ಗಿರಾಕಿಗಳ ಮನೆಜಗಳ ಸಾಕಷ್ಟು ಕಂಡಿದ್ದ ಅಂಗಡಿಯವನು, ಒಟ್ಟು ಓಡಾಡುವವರು ಎಷ್ಟು ಜನ ಎಂದು ಮೆಲ್ಲಗೆ ಕೇಳಿದ.

ಗುಮಾಸ್ತ ಬಾಯಿ ತೆರೆಯುವ ಮೊದಲೇ ಟೈಲರಮ್ಮ ಹೇಳಿಬಿಟ್ಟಳು.

“ಮೂರು ಜನ.”

ದನಿ ಅಂಗಡಿಗೆಲ್ಲ ಕೇಳುವಷ್ಟು ಜೋರಾಗಿಯೇ ಬಂತು.