ಐದು ಕೇಜಿ ಮಗುವಿನ ಹೆಮ್ಮೆ

“ನನ್ನ ತಂಗಿ ವಂಶಕ್ಕೆ ರೋಗ ಅಂಟಿಸೋಕೆ ನೀನ್ಯಾರಮ್ಮಾ? ನರ್ಸ್ ಆದ ಮಾತ್ರಕ್ಕೆ ಬಾಯಿಗೆ ಬಂದಿದ್ದೆಲ್ಲ ಆಡಬಹುದಾ?”

ದೊಡ್ಡಮ್ಮನ ಗಂಟಲು ಹಾಸಿಗೆ ಅಂಗಡಿಯನ್ನು ದಾಟಿ ರಸ್ತೆಯಾಚೆಗೂ ಕೇಳಿಸಿತು. ಹಾಸಿಗೆ ಚೀಲಕ್ಕೆ ಹತ್ತಿ ತುಂಬುತ್ತಿದ್ದ ಆ ಮನೆಯ ಸೊಸೆಯ ಕೈ ಹಾಗೇ ನಿಂತಿತು. ಅವಳು ಆರು ತಿಂಗಳ ಬಸುರಿ. ತಾಯಿ ಸತ್ತಾಗ ಅವಳಿಗೆ ಏಳು ವರ್ಷ. ಅಂದಿನಿಂದ ಸಾಕಿ ಬೆಳೆಸಿ, ಹಾಸಿಗೆ ಹೊಲಿಯುವ ಈ ಮನೆಗೆ ಮದುವೆ ಮಾಡಿಕೊಟ್ಟವಳು ತಾಯಿಯ ಅಕ್ಕನಾದ ಇದೇ ದೊಡ್ಡಮ್ಮ. ಇವತ್ತು ಮಗಳನ್ನು ನೋಡಿ ಹೋಗೋಣವೆಂದು ಬಂದಿದ್ದಳು. ಬಂದ ಹೊತ್ತಿಗೇ ಆರೋಗ್ಯ ಕೇಂದ್ರದ ನರ್ಸೂ ಬಂದಿದ್ದಳು. ಸಕ್ಕರೆ ಪರೀಕ್ಷೆಗೆ ಬಾ ಎಂದು ಎರಡು ಸಲ ಹೇಳಿ ಕಳಿಸಿದರೂ ಸೊಸೆ ಹೋಗಿರಲಿಲ್ಲ. ಬೇಡ ಎಂದು ತಡೆದವಳೂ ದೊಡ್ಡಮ್ಮನೇ.

“ಯಾರೂ ಏನೂ ಅಂಟಿಸ್ತಿಲ್ಲಮ್ಮ,” ಎಂದಳು ನರ್ಸ್. “ವಂಶದಲ್ಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇತ್ತಾ ಅಂತ ಕೇಳ್ತಿದ್ದೀನಿ, ಅಷ್ಟೇ.”

ಮೂಲೆಯಲ್ಲಿ ದಬ್ಬಳಕ್ಕೆ ದಾರ ಪೋಣಿಸುತ್ತಿದ್ದ ಅತ್ತೆ ತಲೆಯೆತ್ತಿದಳು. “ನಮ್ಮಲ್ಲಿ ಯಾರಿಗೂ ಇಲ್ಲ ಸಿಸ್ಟರ್. ಆಗ್ಲೇ ಹೇಳಿದ್ನಲ್ಲ.”

“ನಿಮ್ಮದಲ್ಲ ಅತ್ತೆಮ್ಮ, ನಿಮ್ಮ ಸೊಸೆ ಹುಟ್ಟಿದ ಮನೇದು ಬೇಕು. ಇವಳ ಮೈಯಲ್ಲಿ ಹರಿಯೋದು ಇವಳ ಅಪ್ಪ ಅಮ್ಮನ ರಕ್ತ ತಾನೇ?”

“ಅಲ್ಲೂ ಯಾರಿಗೂ ಇಲ್ಲ!” ದೊಡ್ಡಮ್ಮ ನಡುವೆ ಬಾಯಿ ಹಾಕಿದಳು. “ಅಲ್ಲಮ್ಮಾ, ಇವಳನ್ನೊಂದ್ಸಲ ಕಣ್ಣಾರೆ ನೋಡು. ಗಾಳಿ ಬೀಸಿದ್ರೆ ಹಾರಿ ಹೋಗೋ ಹಂಗಿದ್ದಾಳೆ. ಸಿಹಿ ಅಂದ್ರೆ ಮೂಗು ಮುರೀತಾಳೆ. ಇವಳಿಗೆಲ್ಲಿಂದ ಬರುತ್ತೆ ಸಕ್ಕರೆ?”

“ಸಿಹಿ ತಿಂದಿದ್ದಕ್ಕೆ ಮಾತ್ರ ಬರೋದಾಗಿದ್ರೆ ಎಷ್ಟು ಸುಲಭ ಆಗಿರೋದು!” ನರ್ಸ್ ಅಲ್ಲೇ ಹತ್ತಿ ಮೂಟೆಯ ಮೇಲೆ ಕುಳಿತಳು. “ಬಸುರಿ ಮೈಯಲ್ಲಿ, ರಕ್ತದ ಸಕ್ಕರೆ ಹದದಲ್ಲಿಡೋ ಇನ್ಸುಲಿನ್‌ಗೆ ಕೆಲಸ ಜಾಸ್ತಿ. ನಿಮ್ಮ ಹೊಲಿಗೆ ಮಿಷನ್‌ಗೆ ಒಂದೇ ಸಲಕ್ಕೆ ದುಪ್ಪಟ್ಟು ಆರ್ಡರ್ ಬಂದ ಹಂಗೆ. ಕೆಲವು ಮಿಷನ್ ತಡ್ಕೊಳ್ಳುತ್ತೆ. ಕೆಲವು ಬಿಸಿಯಾಗಿ ನಿಂತು ಬಿಡುತ್ತೆ. ಆ ತಡ್ಕೊಳ್ಳೋ ಶಕ್ತಿ ಒಂದಷ್ಟು ಅಪ್ಪ ಅಮ್ಮನಿಂದ ಬರುತ್ತೆ, ಮೂಗು, ಬಣ್ಣ ಬಂದ ಹಾಗೆ. ಅವರಿಗೆ ಸಕ್ಕರೆ ಇದ್ರೆ ಮಗಳು ತೆಳ್ಳಗಿದ್ರೂ ಅಪಾಯ ಹೆಚ್ಚು. ಬಂದೇ ಬರುತ್ತೆ ಅಂತಲ್ಲ. ಪರೀಕ್ಷೆ ತಪ್ಪಿಸಬಾರದು, ಅಷ್ಟೇ.”

“ನಮ್ಮ ವಂಶದ ಶಕ್ತಿ ನಿನಗೇನು ಗೊತ್ತು?” ದೊಡ್ಡಮ್ಮ ಎದೆ ತಟ್ಟಿಕೊಂಡಳು. “ಇವಳಿಗಿಂತ ಮುಂಚೆ ನನ್ನ ತಂಗಿಗೆ ಒಂದು ಗಂಡು ಹುಟ್ಟಿತ್ತು. ಐದು ಕೇಜಿ! ನಾಲ್ಕು ತಿಂಗಳ ಮಗು ಥರ ಇತ್ತು. ಎತ್ತಿಕೊಂಡಾಗ ಕೈ ಸೋತಿತ್ತು. ಅಂಥಾ ಮೈಕಟ್ಟು ನಮ್ಮದು!”

ಸೊಸೆ ಈ ಮಾತನ್ನು ಚಿಕ್ಕಂದಿನಿಂದ ಕೇಳಿದ್ದಳು. ಅಣ್ಣ ಐದು ಕೇಜಿ ಇದ್ದ ಎನ್ನುವುದು ಅವಳಿಗೂ ಒಂದು ಹೆಮ್ಮೆಯೇ ಆಗಿತ್ತು. ಆದರೆ ನರ್ಸಿನ ಮುಖದಲ್ಲಿ ಹೆಮ್ಮೆ ಕಾಣಲಿಲ್ಲ.

“ಆ ಮಗು ಉಳೀತಾ?” ಎಂದು ಕೇಳಿದಳು ನರ್ಸ್.

ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. “ಹೆರಿಗೇಲಿ ಸಿಕ್ಕಿಹಾಕ್ಕೊಂಡಿತ್ತು. ಉಳಿಯೋ ಅದೃಷ್ಟ ಇರಲಿಲ್ಲ.”

“ತಾಯಿ ರಕ್ತದಲ್ಲಿ ಸಕ್ಕರೆ ಹೆಚ್ಚಾದ್ರೆ ಹೊಟ್ಟೇಲಿರೋ ಮಗು ಹಿಂಗೇ ಅತಿಯಾಗಿ ದಪ್ಪ ಆಗಬಹುದು. ಇವಳ ಅಮ್ಮನಿಗೆ ಆಮೇಲೆ ಏನಾಯ್ತು?”

“ಜ್ವರ.”

“ಜ್ವರ ಅಲ್ಲ,” ಎಂದಳು ಸೊಸೆ. ತಾನೇ ಮಾತಾಡಿದ್ದು ಎಂದು ಅವಳಿಗೇ ನಂಬಿಕೆಯಾಗಲಿಲ್ಲ. “ಅಮ್ಮನ ಕಾಲಿಗೆ ಯಾವಾಗ್ಲೂ ಬಟ್ಟೆ ಸುತ್ತಿರ್ತಿತ್ತು. ಗಾಯ ಮಾಯ್ತಾನೇ ಇರಲಿಲ್ಲ. ಹೆಬ್ಬೆರಳು ತೆಗೆಸಿದ್ರು. ಮೊಳೆ ಚುಚ್ಚಿತ್ತು ಅಂತ ನೀನೇ ಹೇಳ್ತಿದ್ದೆ. ದೊಡ್ಡಮ್ಮ, ನಿಜ ಹೇಳು. ಅಮ್ಮನಿಗೆ ಸಕ್ಕರೆ ಇತ್ತಾ?”

ಅತ್ತೆ ದಬ್ಬಳ ಕೆಳಗಿಟ್ಟಳು.

“ಇತ್ತು! ಏನೀಗ?” ದೊಡ್ಡಮ್ಮ ಸಿಡಿದಳು. “ಇತ್ತು ಅಂದಿದ್ರೆ ಇವರು ನಿನ್ನನ್ನ ತಂದುಕೊಳ್ತಿದ್ರೇನೇ? ಕೇಳು, ನಿಮ್ಮತ್ತೆ ಎದುರಿಗೇ ಇದ್ದಾಳೆ, ಕೇಳು!”

ಅತ್ತೆ ಸುಳ್ಳು ಹೇಳುವ ಹೆಂಗಸಲ್ಲ. “ಗೊತ್ತಿಲ್ಲ ಬೀಗರೇ,” ಎಂದಳು. “ಆಗ ಏನಂತಿದ್ನೋ ನಂಗೇ ಗೊತ್ತಿಲ್ಲ. ಆದ್ರೆ ಈಗ ಇವಳು ನಮ್ಮ ಹುಡುಗಿ. ಹೊಟ್ಟೇಲಿರೋದು ನನ್ನ ಮೊಮ್ಮಗು. ಇಷ್ಟು ದಿನ ಬಾಯಿ ಹೊಲ್ಕೊಂಡಿದ್ರಲ್ಲ, ನಿಮಗೆ ಏನನ್ನಬೇಕು?”

“ನನ್ನ ಮದುವೆಗೆ ಸುಳ್ಳು ಹೇಳಿದ್ದು ಆಗಿಹೋಯ್ತು ದೊಡ್ಡಮ್ಮ,” ಎಂದಳು ಸೊಸೆ. “ನನ್ನ ಮಗುಗೂ ಯಾಕೆ ಹೇಳ್ತೀಯ?”

“ಸಾಕಿದ್ದಕ್ಕೆ ಒಳ್ಳೆ ಮರ್ಯಾದೆ ಸಿಕ್ತು.”

ನರ್ಸ್ ಎದ್ದು ದೊಡ್ಡಮ್ಮನ ಹತ್ತಿರ ಬಂದಳು. “ಅಮ್ಮ, ನಿಮ್ಮ ಒಡಹುಟ್ಟಿದವಳಿಗೇ ಇತ್ತು ಅಂದ್ರೆ ನಿಮಗೂ ಇರಬಹುದು. ನಾಳೆ ಇವಳ ಜೊತೆ ನೀವೂ ಬನ್ನಿ. ಒಂದು ಹನಿ ರಕ್ತ, ಅಷ್ಟೇ.”

“ಈಗ ನನಗೂ ಅಂಟಿಸ್ತೀಯಾ?”

ದೊಡ್ಡಮ್ಮ ಕೈಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಸೊಸೆ ಬಾಗಿಲವರೆಗೂ ಹೋಗಿ ಕೂಗಿದಳು. ದೊಡ್ಡಮ್ಮ ತಿರುಗಿ ನೋಡಲಿಲ್ಲ.

ಮರುದಿನ ಅಂಗಡಿಗೆ ಬೀಗ ಹಾಕಿ ಅತ್ತೆಯೇ ಸೊಸೆಯನ್ನು ಕರೆದುಕೊಂಡು ಹೋದಳು. ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಕೂರಿಸಿ ರಕ್ತ ತೆಗೆದರು. ಸಕ್ಕರೆ ಹೆಚ್ಚೇ ಇತ್ತು. ಊಟವನ್ನು ಸ್ವಲ್ಪ ಸ್ವಲ್ಪವಾಗಿ ಹಂಚಿ ತಿನ್ನಲು, ಉಂಡ ಮೇಲೆ ನಡೆಯಲು ಹೇಳಿದರು. ಅಷ್ಟು ಸಾಲದೆ ಹೋದಾಗ ಡಾಕ್ಟರು ಇನ್ಸುಲಿನ್ ಕೊಟ್ಟರು. ಸೂಜಿ ಚುಚ್ಚಿಸಿಕೊಂಡ ಮೊದಲ ದಿನ ಸೊಸೆ ಅತ್ತಳು. ಅತ್ತೆ ಬೈದಳು, ಆಮೇಲೆ ತಾನೂ ಅತ್ತಳು. ಹೆಣ್ಣು ಮಗು ಹುಟ್ಟಿತು, ಮೂರು ಕೇಜಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿದರು. ಸಕ್ಕರೆ ಇಳಿದಿತ್ತು. ಆದರೆ ಮತ್ತೆ ಬರಬಹುದು, ಹಾಗಾಗಿ ಇನ್ನು ಮುಂದೆಯೂ ವರ್ಷ ವರ್ಷ ಮಾಡಿಸಬೇಕು, ಬಿಡುವ ಹಾಗಿಲ್ಲ.

ದೊಡ್ಡಮ್ಮನಿಗೆ ಹೇಳಿ ಕಳಿಸಿದರು. ಅವಳು ಬರಲಿಲ್ಲ. ಮಗು ಮಗುಚಿಕೊಂಡಾಗಲೂ ಬರಲಿಲ್ಲ. ಅವಳ ರಕ್ತದಲ್ಲಿ ಏನಿದೆ ಎಂದು ಅವಳಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೇರವಾಗಿ ಹೇಳುತ್ತೇನೆ. ನಿಮ್ಮ ಮಗಳು ಬಸುರಿಯಾದರೆ, ಅವಳ ಅಮ್ಮನಿಗೋ ಅಪ್ಪನಿಗೋ ಒಡಹುಟ್ಟಿದವರಿಗೋ ಸಕ್ಕರೆ ಕಾಯಿಲೆ ಇದ್ದರೆ, ಮೊದಲ ತಪಾಸಣೆಯ ದಿನವೇ ಬಾಯಿಬಿಟ್ಟು ಹೇಳಿ. ಹಿಂದೆ ತುಂಬಾ ದಪ್ಪ ಮಗು ಹುಟ್ಟಿದ್ದರೆ ಅದನ್ನೂ ಹೇಳಿ, ಅದು ಕೊಚ್ಚಿಕೊಳ್ಳುವ ಸಂಗತಿಯಲ್ಲ. ವಂಶದಲ್ಲಿ ಯಾರಿಗೂ ಇಲ್ಲದಿದ್ದರೂ ಪರೀಕ್ಷೆ ಮಾಡಿಸಿ, ಏಕೆಂದರೆ ಆಗಲೂ ಬರಬಹುದು. ವಂಶದಿಂದ ಬಂದದ್ದು ಯಾರ ತಪ್ಪೂ ಅಲ್ಲ. ಮುಚ್ಚಿಡುವುದು ಮಾತ್ರ ತಪ್ಪು. ಈ ಮಾತು ಕೇಳಿ ಸಿಟ್ಟು ಬಂದರೆ ಬರಲಿ. ಎದ್ದು ಹೋಗುವುದಾದರೆ ಆರೋಗ್ಯ ಕೇಂದ್ರದ ಕಡೆಗೇ ಹೋಗಿ.