ಮಾವನ ಕಾರು ಹತ್ತಿ ಇಳಿದವರು

ನನ್ನ ಸೋದರಮಾವ ನಿವೃತ್ತಿಯಾಗುವವರೆಗೂ ಹೆಣದ ಗಾಡಿ ಓಡಿಸಿದವರು. ಆಮೇಲೆ ಆಸೆಪಟ್ಟು ಒಂದು ಪುಟ್ಟ ಕಾರು ಕೊಂಡರು. ನಮ್ಮ ಮನೆಯವರು ಬೇಕಾದರೆ ಒಬ್ಬೊಬ್ಬರಾಗಿ ಅದರ ಮುಂದಿನ ಸೀಟಿನಲ್ಲಿ ಕೂರುತ್ತಾರೆ, ಹಿಂದೆ ಮಾತ್ರ ಸುತರಾಂ ಕೂರುವುದಿಲ್ಲ. ಹೆಣದ ಗಾಡಿಯಲ್ಲೂ ಮುಂದೆ ಕೂತವರು ಬದುಕಿರುತ್ತಾರಲ್ಲ, ಇದು ಅವರ ಲೆಕ್ಕ. ನನ್ನ ಅಮ್ಮ, ಅಂದರೆ ಮಾವನ ಸ್ವಂತ ಅಕ್ಕ, ಮುಂದೆಯೂ ಕೂರುವವಳಲ್ಲ. "ನಿನ್ನ ಗಾಡಿ ಹತ್ತಿದೋರು ತಾವಾಗೇ ಇಳಿದಿದ್ದನ್ನ ನಾನು ಕಂಡಿಲ್ಲಪ್ಪ" ಎನ್ನುತ್ತಾಳೆ. ಗಾಡಿ ಬೇರೆ ಅಕ್ಕ ಎಂದರೆ, ಕೈ ಅದೇ ಅಲ್ವಾ ಎನ್ನುತ್ತಾಳೆ. ಮಾವ ಹೋಗಿ, ಯಾರೂ ಕೂರದ ಆ ಹಿಂದಿನ ಸೀಟನ್ನು ಒರೆಸುತ್ತಾರೆ. ನೋಡಿದರೆ ನನಗೆ ಅಮ್ಮನ ಮೇಲೆ ಸಿಟ್ಟು ಬರುತ್ತದೆ.

ಅಮ್ಮನಿಗೆ ಹಿತ್ತಲಲ್ಲಿ ಸಾಕಲು ಕೋಳಿಮರಿ ಬೇಕಾಗಿತ್ತು. ಆ ಚಳಿಗಾಳಿಯಲ್ಲಿ ನನ್ನ ಸ್ಕೂಟರಿನಲ್ಲಿ ತರುವ ಹಾಗಿರಲಿಲ್ಲ. ಸುದ್ದಿ ತಿಳಿದ ಮಾವ ಬಂದು ನಿಂತರು.

"ನಾನು ತಂದ್ಕೊಡ್ತೀನಿ ಅಕ್ಕ. ಒಂದೂ ಸಾಯದೆ ಮನೆ ಸೇರಿದ್ರೆ ನೀನು ನನ್ನ ಕಾರಲ್ಲಿ ಹಿಂದೆ ಕೂರ್ಬೇಕು."

"ಮೊದ್ಲು ತಾ" ಎಂದಳು ಅಮ್ಮ. ನಾನೂ ಮಾವನ ಜೊತೆ ಮುಂದಿನ ಸೀಟಿನಲ್ಲಿ ಕೂತು ಹೊರಟೆ.

ಮರಿ ಮಾರುವವನು ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳನ್ನು ಬಿಟ್ಟು, ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿಯೊಂದನ್ನು ಮಧ್ಯೆ ಇಟ್ಟ. "ದಾರೀಲಿ ಬಾಗಿಲು ತೆಗೀಬೇಡಿ. ಚಳಿಯಾದ್ರೆ ಕಿರುಚ್ತವೆ, ಬೆಚ್ಚಗಿದ್ರೆ ನಿದ್ದೆ ಮಾಡ್ತವೆ. ಸುಮ್ಮನಿದ್ರೆ ಚೆನ್ನಾಗಿದಾವೆ ಅಂತ ತಿಳ್ಕೊಳ್ಳಿ" ಎಂದ. ಮಾವ ತಲೆಯಾಡಿಸಿದರು. ಕೊನೆಯ ಮಾತು ಮಾತ್ರ ಅವರ ತಲೆಗೆ ಹೋಗಲಿಲ್ಲ. ಹೋಗುವುದಾದರೂ ಹೇಗೆ?

ಪೆಟ್ಟಿಗೆಗೆ ಹಿಂದಿನ ಸೀಟಿನ ಬೆಲ್ಟು ಬಿಗಿದು ಹೊರಟೆವು. ಮರಿಗಳ ಗಲಾಟೆಯೋ ಗಲಾಟೆ. ಮಾವನ ಮುಖ ಅರಳಿತು. ಹೀಟರಿನಿಂದ ಕಾರು ಬೆಚ್ಚಗಾಗುತ್ತಿದ್ದಂತೆ ಒಂದೊಂದೇ ದನಿ ಅಡಗಿತು. ಮಾವ ಬೆವರತೊಡಗಿದರು.

"ಯಾಕೆ ಸುಮ್ಮನಾದ್ವು?"

"ನಿದ್ದೆ ಮಾವ."

"ಎಲ್ಲರೂ ಹಾಗೇ ಹೇಳ್ತಾರೆ" ಎಂದು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಓಡಿ ಹೋಗಿ ಹಿಂದಿನ ಬಾಗಿಲು ತೆಗೆದು ಮುಚ್ಚಳ ಎತ್ತಿದರು. ಗಾಳಿ ನುಗ್ಗಿತು. ಮರಿಗಳು ಎದ್ದು ಬೊಬ್ಬೆ ಹಾಕಿದವು. "ಇದಾವೆ, ಇದಾವೆ" ಎಂದು ಕಣ್ಣೊರೆಸಿಕೊಂಡು ಬಂದು ಕೂತರು. ಸ್ವಲ್ಪ ದೂರದಲ್ಲಿ ಮತ್ತೆ ಸದ್ದಡಗಿತು, ಮತ್ತೆ ಕಾರು ನಿಂತಿತು. ಹೀಗೇ ನಡೆಯಿತು ನಮ್ಮ ಸವಾರಿ.

ವೃತ್ತದಲ್ಲಿ ನಿಂತಿದ್ದ ಪೊಲೀಸಿನವನಿಗೆ ಮಾವನ ಹಳೆಯ ಪರಿಚಯ. ಅವರ ಮುಖ, ಆ ಆಮೆಯ ನಡಿಗೆ ಕಂಡದ್ದೇ ಎಲ್ಲ ವಾಹನಗಳನ್ನೂ ತಡೆದು, ಟೋಪಿ ತೆಗೆದು ತಲೆಬಾಗಿದ. ಮಾವನೂ ಗಂಭೀರವಾಗಿ ತಲೆಬಾಗಿದರು. ಅಷ್ಟರಲ್ಲಿ ಹಿಂದಿನಿಂದ ಚಿಂವ್ ಚಿಂವ್ ಕೇಳಿಸಿತು. ಅವನು ಟೋಪಿ ಹಾಕಿಕೊಂಡ.

ಮುಂದಿನ ಸಲ ಮುಚ್ಚಳ ಎತ್ತಿದಾಗ ಒಂದು ಮರಿ ಏಳಲಿಲ್ಲ. ಕತ್ತು ವಾಲಿಸಿ ಬಿದ್ದಿತ್ತು. ಪದೇ ಪದೇ ತಣ್ಣನೆ ಗಾಳಿ ಹೊಡೆದರೆ ಇನ್ನೇನಾಗುತ್ತದೆ?

ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ರಸ್ತೆ ಪಕ್ಕದಲ್ಲೇ ಕುಸಿದು ಕೂತರು. "ಅಕ್ಕ ಹೇಳಿದ್ದೇ ಸರಿ ಕಣೇ. ನನ್ನ ಕೈನೇ ಸರಿಯಿಲ್ಲ."

ನನಗೆ ಅಳುವೂ ಬಂತು, ಕೋಪವೂ ನೆತ್ತಿಗೇರಿತು. ಮರಿಯನ್ನು ಕಿತ್ತುಕೊಂಡು ಸ್ವೆಟರಿನೊಳಗೆ ಎದೆಗೆ ಒತ್ತಿಕೊಂಡೆ. ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯ ಪಕ್ಕ ಕೂತೆ.

"ಮಾವ, ನಾನು ಇಲ್ಲಿಂದ ಮಾತಾಡ್ತಾನೇ ಇರ್ತೀನಿ. ನನ್ನ ದನಿ ನಿಂತ್ರೆ ಮಾತ್ರ ನೀವು ಗಾಡಿ ನಿಲ್ಸಿ. ಅಲ್ಲೀವರೆಗೆ ಬಾಗಿಲು ಮುಟ್ಟಿದ್ರೆ ನೋಡಿ ಮತ್ತೆ."

ಮಾವನ ಹಿಂದೆ ಕೂತು ಮಾತಾಡಿದ ಮೊದಲ ಜೀವ ನಾನೇ ಇರಬೇಕು. ಅವರ ಡ್ರೈವಿಂಗನ್ನು ಬೈದೆ. ಚಿಕ್ಕಮ್ಮನ ಜಿಪುಣತನ, ಭಾವನ ಗೊರಕೆ, ಎಲ್ಲವನ್ನೂ ಹೇಳಿ ಮುಗಿಸಿದೆ. ಸರಕು ಖಾಲಿಯಾದ ಮೇಲೆ ಅಂಗಡಿಗಳ ಬೋರ್ಡು ಓದಿದೆ. ಒಮ್ಮೆ ಉಗುಳು ನುಂಗಲು ನಿಲ್ಲಿಸಿದ್ದಕ್ಕೇ ಅವರ ಕಾಲು ಬ್ರೇಕಿನ ಮೇಲೆ ಹೋಯಿತು. ಮರಿಗಳು ಹಾಯಾಗಿ ಮಲಗಿದ್ದವು.

ಅಮ್ಮ ಗೇಟಿನಲ್ಲೇ ಕಾಯುತ್ತಿದ್ದಳು. ಮಾವ ಇಳಿದು ಬಂದು, ಹಿಂದಿನ ಬಾಗಿಲು ತೆಗೆದು, ಹಳೆಯ ಅಭ್ಯಾಸದಂತೆ ಪಕ್ಕಕ್ಕೆ ಸರಿದು ತಲೆ ತಗ್ಗಿಸಿ ನಿಂತರು. ನಾನು ಇಳಿದೆ. ಅಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನಡುಮನೆಯಲ್ಲಿ ಪೆಟ್ಟಿಗೆ ಇಳಿಸಿ, ಒಂದೊಂದು ಮರಿಯನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಆಗ ನನ್ನ ಸ್ವೆಟರಿನ ಕುತ್ತಿಗೆಯಿಂದ ಇನ್ನೊಂದು ತಲೆ ಹೊರಬಂದು ನನ್ನ ಗಲ್ಲವನ್ನು ಕುಕ್ಕಿತು. ಮಾವ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಕ್ಕಿದರು.

ಅಮ್ಮ ಒಳಗೆ ಹೋದಳು. ಕೈಚೀಲ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಬಂದಳು.

"ಮರಿಗಳಿಗೆ ನುಚ್ಚು ತರ್ಬೇಕು. ನಡಿ" ಎಂದು ಹೋಗಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, ತುಟಿ ಬಿಗಿದು ಕೂತಳು.

ಕಾರು ಮೆಲ್ಲಗೆ ಹೊರಟಿತು. ಬೀದಿಯ ತಿರುವು ತಲುಪುವಷ್ಟರಲ್ಲಿ ಗಕ್ಕನೆ ನಿಂತಿತು. ಮಾವ ಓಡಿ ಬಂದು ಹಿಂದಿನ ಬಾಗಿಲು ತೆಗೆದರು. ಅಮ್ಮ ಅವರನ್ನು ಬೈದದ್ದು ಗೇಟಿನಲ್ಲಿದ್ದ ನನಗೂ ಕೇಳಿಸಿತು. ಮಾವ ಅದನ್ನು ಪೂರ್ತಿ ಕೇಳಿಸಿಕೊಂಡು, ಸಮಾಧಾನದಿಂದ ಬಾಗಿಲು ಹಾಕಿ, ಮತ್ತೆ ಹೊರಟರು.